ತಣ್ಣೀರು ವ್ರತದಾಕೆಯ ಬೆಚ್ಚನೆ ಪಾದ

ಅಲ್ಲ ಅಲ್ಲ, ತಡೀರಿ, ಮೊದ್ಲು ಗ್ರೈಂಡರ್ ನಮ್ಮನೆಗೆ ಹೆಂಗೆ ಬಂತು ಅಂತ ಹೇಳಬೇಕು. ಅದು ಬಿಟ್ಟು ಸೀದಾ ಜಲಜಾಕ್ಷಮ್ಮನ ಪಾದ ಬೆಚ್ಚಗಿತ್ತು ಅಂತ ಶುರು ಮಾಡಿದ್ರೆ ನಿಮಗೇನು ತಿಳೀತೈತೆ, ಅಜ್ಜಿಗೆ ಅರಳುಮರಳು ಅಂತೀರಿ. ಪಾದದ ಸುದ್ದಿಗೆ ಆಮೇಲೆ ಬರ್ತೀನಿ. ಬರದೇ ಬಿಡ್ತೀನೇನು, ಆ ಸುದ್ದಿ ಹೇಳೋದು ಅಂದ್ರೆ ನಂಗೆ ಇವತ್ತಿಗೂ ಬೆಲ್ಲ ತಿಂದಂಗೆ. ನಿಮ್ಮಜ್ಜ ಕೆಲಸ ಮಾಡ್ತಿದ್ದ ಬಟ್ಟೆ ಮಿಲ್ಲು ಬಾಗಿಲು ಹಾಕಿತ್ತು. ಮಿಲ್ಲಿನ ಸೈರನ್ ಕೇಳಿ ಅನ್ನಕ್ಕೆ ಎಸರಿಡ್ತಿದ್ದ ಹೆಂಗಸ್ರು ನಾವು, ಸೈರನ್ ನಿಂತ ಮೇಲೆ ಎಸರಿಡೋ ಹೊತ್ತು ಯಾವುದು ಅಂತ್ಲೇ ತಿಳೀದಂಗಾಯ್ತು. ಎಸರಿಗೆ ಹಾಕೋಕೆ ಅಕ್ಕಿ ಇದ್ರೆ ತಾನೆ ಅನ್ರಿ, ಅದು ಬ್ಯಾರೆ ಮಾತು. ನಿಮ್ಮಜ್ಜ ಏನು ಮಾಡ್ತಿದ್ದ, ಕಟ್ಟೆ ಮೇಲೆ ಕೂತು ಬೀಡಿ ಸೇದೋದು, 'ಇವತ್ತಲ್ಲ ನಾಳೆ ಮಿಲ್ಲು ತೆಗೀತಾರೆ ಕಣೇ' ಅನ್ನೋದು. ಇವತ್ತೂ ಹೋಯ್ತು, ನಾಳೆನೂ ಹೋಯ್ತು. ಮನೆಯಾಗೆ ರಾತ್ರಿ ಊಟಕ್ಕೆ ಮಂಡಕ್ಕಿ. ಈ ಊರಾಗೆ ಅಗ್ಗ ಅಂದ್ರೆ ಅದೊಂದೇ. ನೀರಾಗೆ ನೆನೆಸೋದು, ಹಿಂಡೋದು, ಒಂದು ಮೆಣಸಿನಕಾಯಿ ಒಗ್ಗರಣೆ, ಉಣ್ಣು. ಈಗ ಜನ ಸಂಜೆಯಾದ್ರೆ ಮಿರ್ಚಿ ಕಚ್ಕೊಂಡು ಖಾರ ಮಂಡಕ್ಕಿ ಚಪ್ಪರಿಸ್ತಾರಲ್ಲ, ನಾನು ಅದನ್ನ ಕಂಡ್ರೆ ಆಚೆ ಹಾದಿ ಹಿಡೀತೀನಿ.

ಹರಿಹರದಾಗೆ ನಮ್ಮಣ್ಣ ಒಂದು ಖಾನಾವಳಿ ಇಟ್ಟಿದ್ದ. ಅದು ಮುಚ್ಚಿತು. ಯಾಕ ಮುಚ್ಚಿತು ಅಂದ್ರೆ ಅಡುಗೆಯೋಳ ಜತೆ ಅವನದು ಏನೋ… ಬಿಡ್ರಿ, ಚಿಕ್ಕ ಹುಡುಗ್ರು ಅದೀರಿ, ನಮ್ಮತ್ತಿಗೆ ಬಾಯಾಗೆ ಕೇಳಿದ್ರೆ ಇನ್ನೂ ರುಚಿಯಾಗಿರ್ತೈತೆ ಆ ಕಥೆ. ಮುಚ್ಚಿದ ಮೇಲೆ ಖಾನಾವಳಿ ಗ್ರೈಂಡರ್ ಮೂಲ್ಯಾಗೆ ಬಿದ್ದಿತ್ತು. ನಮ್ಮಣ್ಣ ಅಂದ, 'ಹಾಲವ್ವ, ನೀನು ಕೈ ಒಡ್ಡಿ ಬೇಡೋಳಲ್ಲ, ಬಾಯಿ ಮಾತ್ರ ದೊಡ್ಡದು. ಇದನ್ನ ಒಯ್ಯಿ, ಇದರ ಬಾಯೂ ದೊಡ್ಡದು, ಇಬ್ರೂ ಸರಿಹೋಗ್ತೀರಿ.' ಟೆಂಪೋದಾಗೆ ಹಾಕ್ಕೊಂಡು ಬಂದ್ವಿ. ಕಲ್ಲು ಅಂದ್ರೆ ಕಲ್ಲು, ಇಬ್ರು ಗಂಡಸ್ರು ಎತ್ತೋಕಾಗ್ತಿರಲಿಲ್ಲ. ಹಚ್ಚಿದ್ರೆ ಗುಡುಗುಡು ಗುಡುಗುಡು, ಗೋಡೆ ಮೇಲಿನ ಕ್ಯಾಲೆಂಡರ್ ಕುಣೀತಿತ್ತು. ಆದ್ರೆ ಹಿಟ್ಟು ರುಬ್ಬೋದಿತ್ತಲ್ಲ, ಬೆಣ್ಣೆ, ಬೆಣ್ಣೆ. ಬೀದಿ ಮನೆಗಳೋರು ಅಕ್ಕಿ ಉದ್ದು ತಂದು ಕೊಡೋರು, ನಾನು ರುಬ್ಬಿ ಕೊಡ್ತಿದ್ದೆ. ಆಮೇಲೆ ಮೂಲೆ ದೋಸೆ ಹೋಟ್ಲಿನೋನೂ ಬಂದ, 'ಹಾಲಕ್ಕ, ನಮ್ಮ ಹಿಟ್ಟೂ ನೀನೇ ರುಬ್ಬಿಬಿಡು' ಅಂತ. ಆವತ್ತು ರಾತ್ರಿ ನಮ್ಮನೆಯಾಗೆ ಅನ್ನ ಆಯ್ತು ನೋಡ್ರಿ. ನಿಮ್ಮಪ್ಪ ಅನ್ನ ನೋಡಿ 'ಯಾರ ಮದುವೆ ಅವ್ವ?' ಅಂತ ಕೇಳಿದ.

ನಾವಿದ್ದದ್ದು ವಠಾರ. ಒಂದೇ ಅಂಗಳ, ಸುತ್ತ ಮನೆಗಳು, ಎದುರಿಗೆ ದೊಡ್ಡದು ಮಾಲಕರದ್ದು. ಚನ್ನಬಸಪ್ಪ ಸಾವ್ಕಾರ್ರು ಅಂತ, ಬಟ್ಟೆ ಅಂಗಡಿ ಇತ್ತು, ಒಳ್ಳೇ ಮನುಷ್ಯ, ಹೆಂಡ್ತಿ ಎದುರಿಗೆ ಮಾತ್ರ ಬಾಯಿ ಇಲ್ಲ. ಇಡೀ ವಠಾರಕ್ಕೆ ಒಂದೇ ಮೀಟರ್, ಒಂದೇ ಫ್ಯೂಸು, ಅವರ ಮೆಟ್ಟಿಲ ಕೆಳಗೆ ಗೋಡೆಗೆ ಬಡಿದಿದ್ರು. ಹಗಲು ಹೊತ್ತು ಕರೆಂಟು ಇರ್ತಿರಲಿಲ್ಲ, ಲೋಡ್ ಶೆಡ್ಡಿಂಗ್. ಬೆಳಗಿನ ಜಾವ ಮಾತ್ರ ಬರೋದು. ಅದಕ್ಕೇ ನಾನು ಕೋಳಿ ಕೂಗೋಕೆ ಮೊದ್ಲೇ ಎದ್ದು ಗ್ರೈಂಡರ್ ಹಚ್ಚೋಳು. ಮೊದಮೊದ್ಲು ಎಲ್ಲ ಸರಿ ಇತ್ತು. ಜನ ನಿದ್ದೆ ಕೆಡ್ತೈತೆ ಅಂತ ಗೊಣಗೋರು, ನಾನು ಒಂದೊಂದು ಮನೆಗೆ ಒಂದೊಂದು ಬಟ್ಲು ಹಿಟ್ಟು ಕೊಟ್ಟೆ, ನಿದ್ದೆ ಕೆಡೋದು ನಿಂತೋಯ್ತು. ಹಿಟ್ಟಿಗೆ ಅಂಥಾ ಶಕ್ತಿ ಐತೆ.

ಆಮೇಲೆ ಬಂತು ಕಾರ್ತಿಕ ಮಾಸ. ದೀಪಾವಳಿ ಮುಗಿದು ಚಳಿ ಹಿಡೀತು. ಅವತ್ತಿಂದ ಶುರು ಆಯ್ತು ನೋಡ್ರಿ ಶನಿ. ಗ್ರೈಂಡರ್ ಹಚ್ತೀನಿ, ಅಕ್ಕಿ ಇನ್ನೂ ನುಚ್ಚು ನುಚ್ಚು ಇರೋ ಹೊತ್ತಿಗೆ ಫಟ್! ಇಡೀ ವಠಾರ ಕತ್ತಲು. ಫ್ಯೂಸಿನ ತಂತಿ ಸುಟ್ಟು ಹೋಗಿರೋದು. ಆ ಕಡೆಯಿಂದ ಓದ್ಕೊಳ್ತಿದ್ದ ಹುಡುಗಿ ಅವ್ವ ಕೂಗೋಳು, 'ಹಾಲಕ್ಕ, ನಿನ್ನ ಗ್ರೈಂಡರಿಗೆ ಬೆಂಕಿ ಬೀಳ!' ಈ ಕಡೆಯಿಂದ ಒಬ್ಬಾತ ಒಂದು ಕೆನ್ನೆ ಗಡ್ಡ ಕೆರೆದು ಇನ್ನೊಂದು ಕೆನ್ನೆ ಹಿಡ್ಕೊಂಡು ಹೊರಗೆ ಬರೋನು. ನಾನು ಸುಮ್ನಿರೋಳಾ, 'ಗಡ್ಡ ಕೆರೆದ್ರೇನು ಬಿಟ್ರೇನು, ನಿನ್ನ ಮುಖ ಯಾರು ನೋಡ್ತಾರೆ' ಅಂತ ಅಂದುಬಿಡೋಳು. ಅಂದ ಮೇಲೆ ಹಗೆ ಇನ್ನೂ ಜಾಸ್ತಿ. ಮೂಲೆ ಹೋಟ್ಲಿನೋನು ಬಂದು ನಿಂತ್ಕೊಂಡ, ಪಾತ್ರೆಯಾಗೆ ಬೆರಳಾಡಿಸಿದ, 'ಹಾಲಕ್ಕ, ಇದೇನು ದೋಸೆ ಹಿಟ್ಟೋ ಮರಳೋ? ಹಿಂಗೇ ಆದ್ರೆ ನಾನು ಬ್ಯಾರೆ ಕಡೆ ನೋಡ್ಕೋಬೇಕಾಗ್ತೈತೆ' ಅಂದ. ಹೋಟ್ಲು ಹೋದ್ರೆ ಮತ್ತೆ ಮಂಡಕ್ಕಿ.

ಸಾವ್ಕಾರ್ರು ಒಬ್ಬ ವೈರ್‌ಮ್ಯಾನನ್ನ ಕರೆಸಿದ್ರು. ಅವನು ಹಗಲು ಹೊತ್ತು ಬಂದ, ಕರೆಂಟೂ ಇಲ್ಲ ಏನೂ ಇಲ್ಲ, ಫ್ಯೂಸು ಕಿತ್ತು ನೋಡಿದ, ಮೂಗಿನ ಹತ್ರ ಹಿಡಿದು ಮೂಸಿದ, 'ಲೋಡ್ ಜಾಸ್ತಿ ಆಗೈತೆ ಸಾವ್ಕಾರ್ರೆ. ದಪ್ಪ ತಂತಿ ಹಾಕಂದ್ರೆ ಹಾಕ್ತೀನಿ, ಆದ್ರೆ ಮನೆ ಸುಟ್ರೆ ನನ್ನ ಕೇಳಬ್ಯಾಡ್ರಿ' ಅಂದು ಚಾ ಕುಡಿದು ಹೋದ. ಲೋಡ್! ನಮಗೆ ಲೋಡ್ ಅಂದ್ರೆ ಏನು ಗೊತ್ತು? ಲಾರಿ ಲೋಡು. ಮೆಕ್ಕೆಜೋಳದ ಲೋಡು, ಹತ್ತಿ ಲೋಡು, ಇಟ್ಟಿಗೆ ಲೋಡು. ಅಂದ್ರೆ ಭಾರ. ಇಡೀ ವಠಾರದಾಗೆ ಎಲ್ಲಕ್ಕಿಂತ ಭಾರದ್ದು ಯಾವುದು? ನನ್ನ ಗ್ರೈಂಡರ್ ಕಲ್ಲು. ಆಯ್ತಲ್ಲ, ತೀರ್ಪು ಮುಗೀತು! ನಾನೂ ನಂಬಿದೆ ಅಂತೀನಿ. ನಿಮ್ಮಜ್ಜ ಬೀಡಿ ಬಿಸಾಕಿ ಎದ್ದ, 'ಭಾರ ಕಡಿಮೆ ಮಾಡೋಣ ಕಣೇ' ಅಂದ. ಅಕ್ಕಿ ಅರ್ಧ ಅರ್ಧ ಹಾಕಿ ರುಬ್ಬಿದ್ವಿ. ಫಟ್. ಗ್ರೈಂಡರ್ ಕೆಳಗೆ ಹಲಗೆ ಕೊಟ್ವಿ, ಭಾರ ಎಲ್ಲ ಕರೆಂಟಿನ ಮೇಲೆ ಬೀಳದೆ ಸ್ವಲ್ಪ ನೆಲದ ಮೇಲೆ ಬೀಳ್ಲಿ ಅಂತ. ನಗಬ್ಯಾಡ್ರೋ! ಫಟ್. ಶುಕ್ರವಾರ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆದೆ. ಕಾಯಿ ಸಿಹಿಯಾಗಿತ್ತು, ಫ್ಯೂಸು ಮಾತ್ರ ಫಟ್. ಸಾವ್ಕಾರ್ರು ಹೇಳಿದ್ರು, 'ಹಾಲವ್ವ, ಒಂದು ದಿನ ನಿಲ್ಲಿಸಿ ನೋಡು.' ನಿಲ್ಲಿಸಿದೆ. ಆವತ್ತು ಫ್ಯೂಸು ಹೋಗಲಿಲ್ಲ! ಮುಗೀತಲ್ಲ, ಕಳ್ಳ ಸಿಕ್ಕಂಗಾಯ್ತು ಎಲ್ಲರಿಗೂ.

ಈಗ ಬರ್ರಿ ಜಲಜಾಕ್ಷಮ್ಮಗೆ. ಸಾವ್ಕಾರ್ರ ಹೆಂಡ್ತಿ. ಆಯಮ್ಮ ಮಾತೇ ಆಡ್ತಿರಲಿಲ್ಲ ಗೊತ್ತೇನು, ಬರೀ ಕಣ್ಣು ಅರ್ಧ ಮುಚ್ಚಿ 'ಶಿವಾ' ಅನ್ನೋಳು. ಬೆಳ್ಳಗೆ, ದುಂಡಗೆ, ಹಣೆ ಮೇಲೆ ಮೂರು ಬೆರಳು ವಿಭೂತಿ. ಆ ವರ್ಷ ಕಾರ್ತಿಕ ಮಾಸ ಪೂರ್ತಿ ಬೆಳಗಿನ ಜಾವ ತಣ್ಣೀರು ಮೀಯೋ ವ್ರತ ಹಿಡಿದಿದ್ಲು. ಹಿಡಿದೋಳು ಸುಮ್ನೆ ಹಿಡೀಬೇಕೋ ಬ್ಯಾಡೋ? ಊರಿಗೆಲ್ಲ ಗೊತ್ತು. ಮಿಂದು ಒದ್ದೆ ಸೀರೆಯಾಗೇ ಅಂಗಳದ ಬಿಲ್ವದ ಗಿಡಕ್ಕೆ ಸುತ್ತು ಬರೋಳು, ವಠಾರದ ಹೆಂಗಸ್ರು ಸಾಲಾಗಿ ನಿಂತು ಪಾದ ಮುಟ್ಟೋರು. ಅದೇನು ನೋಟ ಅಂತೀರಿ! ಆ ಚಳ್ಯಾಗೆ ನಾವೆಲ್ಲ ಕಂಬಳಿ ಹೊದ್ದು ಗಡಗಡ ನಡುಗ್ತಿದ್ರೆ ಆಯಮ್ಮ ಸ್ವಲ್ಪನೂ ನಡುಗ್ತಿರಲಿಲ್ಲ. ಮೈಯಿಂದ ಹಬೆ ಏಳ್ತಿತ್ತು. ಇಡ್ಲಿ ತಟ್ಟೆ ತೆಗೆದಾಗ ಏಳ್ತೈತಲ್ಲ, ಹಂಗೆ. ಹೆಂಗಸ್ರು ಗಲ್ಲ ಗಲ್ಲ ಬಡ್ಕೊಂಡು, 'ನೋಡ್ರೇ, ತಪಸ್ಸಿನ ಕಾವು! ತಣ್ಣೀರು ಮೈಗೆ ಬಿದ್ದ ಕೂಡ್ಲೆ ಹಬೆ ಆಗಿಬಿಡ್ತೈತೆ!' ಅನ್ನೋರು. ನಾನೂ ಅಂದಿದ್ದೆ. ಆದ್ರೆ ಪಾದ ಮುಟ್ಟಿರಲಿಲ್ಲ, ನನ್ನ ಕೈ ಯಾವಾಗ್ಲೂ ಹಿಟ್ಟಾಗಿರ್ತಿತ್ತಲ್ಲ.

ಒಂದು ಬೆಳಿಗ್ಗೆ ಜಲಜಾಕ್ಷಮ್ಮ ಸುತ್ತು ಮುಗಿಸಿ, ಎಲ್ಲರ ಮುಂದೆ, ಮೆತ್ತಗೆ, ಹೂವು ಎತ್ತಿಟ್ಟಂಗೆ ಹೇಳಿದ್ಲು. 'ಹಾಲವ್ವ, ನಿನ್ನ ಗದ್ದಲದಾಗೆ ನನ್ನ ವ್ರತಕ್ಕೆ ಭಂಗ ಬರ್ತೈತೆ. ಮೀಯೋ ಹೊತ್ತಿಗೆ ಸರಿಯಾಗಿ ಕತ್ತಲಾಗ್ತೈತೆ. ಅಮಾಸೆ ಒಳಗೆ ಆ ಗ್ರೈಂಡರ್ ಹೊರಗೆ ಹೋಗ್ಲಿ. ಇಲ್ಲ ಅಂದ್ರೆ ನೀವೇ ಬ್ಯಾರೆ ಮನೆ ನೋಡ್ಕೊಳ್ರಿ. ಶಿವಾ.' ಸಾವ್ಕಾರ್ರಿಗೆ ಹೇಳಿದೀನಿ ಅಂತ್ಲೂ ಸೇರಿಸಿದ್ಲು. ನಾನು ಹಿಟ್ಟಿನ ಕೈಯಾಗೇ ಓಡಿ ಹೋಗಿ ಕಾಲಿಗೆ ಬಿದ್ದೆ. ಹೌದು, ನಾನು! ಮಕ್ಕಳ ಮಖ ನೆನೆಸ್ಕೊಂಡು ಬಿದ್ದೆ. ಎರಡೂ ಪಾದ ಹಿಡ್ಕೊಂಡು 'ಅಮ್ಮಾರೇ, ಹೊಟ್ಟೆ ಮೇಲೆ ಹೊಡೀಬ್ಯಾಡ್ರಿ' ಅಂದೆ. ಅಂದೋಳು ಹಂಗೇ ನಿಂತೆ, ಅಲ್ಲ, ಹಂಗೇ ಬಿದ್ದಿದ್ದೆ. ಯಾಕ ಅಂತೀರಿ? ಆ ಪಾದ ಬೆಚ್ಚಗಿದ್ವು! ಬೆಚ್ಚಗೆ ಅಂದ್ರೆ ಹೆಂಗೆ, ಬಾಣಂತಿ ಪಾದ ಇರ್ತಾವಲ್ಲ, ಹಂಡೆ ಹಂಡೆ ನೀರು ಹೊಯ್ಸಿಕೊಂಡು ಈಗ ಎದ್ದು ಬಂದಂಗೆ. ಉಗುರಿನ ಸಂದಿಯೆಲ್ಲ ಕೆಂಪಗೆ. ತಣ್ಣೀರು ಮಿಂದೋಳ ಪಾದ ಬಾವಿಯಾಗಿನ ಕಪ್ಪೆ ಇದ್ದಂಗಿರಬೇಕು. ನಾನು ಹೆತ್ತವ್ವ, ಎಷ್ಟು ಬಾಣಂತನ ಮಾಡಿದೋಳು, ನಂಗೆ ಗೊತ್ತಾಗಲ್ವಾ? ತಪಸ್ಸಿನ ಕಾವು ಇದ್ರೆ ಹಣೆಯಾಗಿರಬೇಕು, ಎದೆಯಾಗಿರಬೇಕು, ಹಿಮ್ಮಡಿಯಾಗೆ ಯಾಕ ಬಂತು?

ಎದ್ದು ಮನೆಗೆ ಬಂದೆ. ತಲೆಯಾಗೆ ಗ್ರೈಂಡರ್ ತಿರುಗಿದಂಗೆ ತಿರುಗ್ತಿತ್ತು. ಬಿಸಿನೀರು ಎಲ್ಲಿಂದ ಬಂತು? ಅವರ ಬಚ್ಚಲದ ಒಲೆ ಹಚ್ಚೋದು ಸಾವ್ಕಾರ್ರು ಎದ್ದ ಮೇಲೆ, ಬಿಸಿಲು ಬಂದ ಮೇಲೆ. ಬೆಳಗಿನ ಜಾವ ಒಲೆ ಹಚ್ಚಿದ್ರೆ ಹೊಗೆ ಬರ್ತೈತೆ, ವಠಾರದಾಗೆ ಹೊಗೆ ಬಂದ್ರೆ ನಂಗೆ ಗೊತ್ತಾಗದೇ ಇರ್ತೈತಾ? ಯಾರ ಮನೆಯಾಗೆ ಏನು ಒಗ್ಗರಣೆ ಅಂತ ಮೂಗಿನಾಗೇ ಹೇಳೋಳು ನಾನು. ಅಂದ್ರೆ ಹೊಗೆ ಇಲ್ದೆ, ವಾಸನೆ ಇಲ್ದೆ, ಸದ್ದಿಲ್ದೆ ನೀರು ಕಾಯ್ತೈತೆ. ಮಾರನೇ ದಿನ ಗ್ರೈಂಡರ್ ಹಚ್ಚಿ ನಿಮ್ಮಜ್ಜನ್ನ ಕೂಡಿಸಿ, ನಾನು ಮೆಲ್ಲಕೆ ಮೆಟ್ಟಿಲ ಕೆಳಗೆ ಮೀಟರ್ ಮುಂದೆ ನಿಂತೆ. ಹಳೇ ಮೀಟರಿನಾಗೆ ಒಂದು ಚಕ್ರ ಇರೋದು, ಅಂಚಿನಾಗೆ ಕೆಂಪು ಗುರುತು. ಎಷ್ಟು ಕರೆಂಟು ಉರೀತೈತೋ ಅಷ್ಟು ಜೋರು ತಿರುಗೋದು. ನೋಡ್ತೀನಿ, ನನ್ನ ಗ್ರೈಂಡರ್ ಆ ಗದ್ದಲ ಮಾಡ್ತೈತೆ, ಚಕ್ರ ಮಾತ್ರ ಗಾಣದ ಎತ್ತಿನಂಗೆ ನಿಧಾನ. ಕೆಂಪು ಗುರುತು ಬರ್ತೈತೆ, ಹೋಗ್ತೈತೆ, ಬರ್ತೈತೆ. ಅಷ್ಟರಾಗೆ ಸಾವ್ಕಾರ್ರ ಬಚ್ಚಲದಾಗೆ ಟಕ್ ಅಂತ ಒಂದು ಸದ್ದು. ಸ್ವಿಚ್ಚಿನ ಸದ್ದು. ಯಪ್ಪಾ! ಚಕ್ರಕ್ಕೆ ಹುಚ್ಚು ಹಿಡೀತು! ಬುಗುರಿ, ಬುಗುರಿ ಇದ್ದಂಗೆ ತಿರುಗ್ತೈತೆ, ಕೆಂಪು ಗುರುತು ಕಣ್ಣಿಗೇ ನಿಲ್ಲವಲ್ದು. ಹಂಗೇ ಒಂದು ಕಾಲು ಗಂಟೆ ತಿರುಗಿರಬೇಕು, ನನ್ನ ಮೂಗಿನ ಮುಂದೇ ಫ್ಯೂಸು ಫಟ್ ಅಂತು, ಕಿಡಿ ಹಾರಿತು. ಒಳಗಿಂದ ಪಿಸುಪಿಸು, 'ಹೋಯ್ತೇನೇ? ಕಾದೈತಾ ನೋಡು.' ಇನ್ನೊಂದು ದನಿ, 'ಕಾದೈತ್ರಿ ಅತ್ತೆ. ಕಾಯಿಲ್ ತೆಗೀತೀನಿ.' ಸೊಸೆ ನಿರ್ಮಲಾ ದನಿ. ಕಾಯಿಲ್ ಗೊತ್ತಲ್ಲ, ಬಕೀಟಿನಾಗೆ ಇಳಿಬಿಡೋದು, ನೀರು ಕಾಯಿಸೋ ಕರೆಂಟಿನ ಸುರುಳಿ. ಸೌಟಿನ ಹಿಡಿಕೆಗಿಂತ ಹಗುರ! ಎರಡು ಬೆರಳಾಗೆ ಎತ್ತಬಹುದು! ಅದು ಹೊತ್ತಿದ್ದ ಲೋಡ್ ನನ್ನ ಅಷ್ಟು ದೊಡ್ಡ ಕಲ್ಲು ಹೊತ್ತಿರಲಿಲ್ಲ. ತಿರುಗೋದಕ್ಕೆ ಬೇಕಾದ ಕರೆಂಟು ಒಂದು ತುತ್ತು, ಕಾಯೋದಕ್ಕೆ ಬೇಕಾದ್ದು ಒಂದು ಪರಾತ. ಕಾಯಿಲ್ ಒಂದೇ ಆದ್ರೆ ಫ್ಯೂಸು ಹೆಂಗೋ ತಡಕೊಳ್ತಿತ್ತು, ಮೇಲೆ ನನ್ನ ತುತ್ತೂ ಸೇರಿದ್ರೆ ಫಟ್; ನಾನು ನಿಲ್ಲಿಸಿದ ದಿನ ಅದು ಉಳಿದದ್ದೂ ಅದಕ್ಕೇ. ಈಗಿನ ಸಾಮಾನಿನ ಮೇಲೆ ಬರೆದೇ ಇರ್ತೈತಂತಲ್ಲ, ಮಿಕ್ಸಿ ಮೇಲೆ ಐನೂರು ವ್ಯಾಟು, ಗೀಸರ್ ಮೇಲೆ ಎರಡು ಸಾವಿರ. ಆವಾಗ ಯಾರು ಓದಿ ಹೇಳ್ತಿದ್ರು. ನಂಗೆ ಚಕ್ರ ಹೇಳಿತು.

ಓಡಿದೆ ಪಕ್ಕದ ಮನೆಗೆ. ಮೆಹರಬಿ ಅಂತ, ಬಟ್ಟೆ ಹೊಲಿಯೋಳು, ನನ್ನ ಜೀವದ ಗೆಳತಿ. ನನ್ನ ಸುದ್ದಿ ಎಲ್ಲ ಮೊದ್ಲು ಅವಳ ಕಿವಿಗೇ ಬೀಳಬೇಕು, ಇಲ್ಲಾಂದ್ರೆ ಅವಳಿಗೆ ಊಟ ಸೇರಲ್ಲ. ಕೇಳಿ ಸೂಜಿ ಬಾಯಾಗೇ ಇಟ್ಕೊಂಡು ಕಣ್ಣು ಹಿಂಗೆ ಮಾಡಿದ್ಲು. 'ಯಾ ಅಲ್ಲಾ! ಹಬೆ… ಬಿಸಿನೀರಿಂದಾ?' 'ಮತ್ತೆ? ಶಿವನ ಹಣೆಗಣ್ಣಿಂದಾ?' ಅಂದೆ. ನಗು ತಡೀಲಾರದೆ ಇಬ್ರೂ ಹಾಸಿಗೆ ಮೇಲೆ ಬಿದ್ವಿ. ನಕ್ಕು ಮುಗಿಸಿ ಮೆಹರಬಿ ಅಂದ್ಲು, 'ಚುಪ್ ಹಾಲಕ್ಕ. ಬಾಯಿ ಬಿಡಬ್ಯಾಡ. ಯಾರು ನಂಬ್ತಾರೆ? ಆಯಮ್ಮ ಮಾತೇ ಆಡಲ್ಲ. ನಿನ್ನ ಬಾಯಿ ಬೀದಿ ನಲ್ಲಿ ಇದ್ದಂಗೆ ಅಂತ ಎಲ್ಲರಿಗೂ ಗೊತ್ತು. ಹೊಟ್ಟೆಕಿಚ್ಚಿಗೆ ಹೇಳ್ತಾಳೆ ಅಂತಾರೆ, ಇವತ್ತೇ ಮನೆ ಖಾಲಿ ಮಾಡಿಸ್ತಾರೆ.' ಮಾತು ಖರೆ ಇತ್ತು. ನಾನು ಸುಳ್ಳು ಹೇಳೋಳಲ್ಲ, ಒಂದು ಸ್ವಲ್ಪ ಒಗ್ಗರಣೆ ಹಾಕ್ತೀನಿ ಅಷ್ಟೆ, ಆದ್ರೆ ಜನಕ್ಕೆ ಒಗ್ಗರಣೆ ಯಾವುದು ಸಾರು ಯಾವುದು ಅಂತ ತಿಳೀಬೇಕಲ್ಲ. ನಾನು ಹೇಳಿದ್ರೆ ಯಾರೂ ನಂಬಲ್ಲ. ಹಂಗಾದ್ರೆ ಆಯಮ್ಮನ ಬಾಯಿಂದಲೇ ಹೇಳಿಸಬೇಕು.

ಮರುದಿನ ಸುತ್ತು ಮುಗಿದು ಹೆಂಗಸ್ರೆಲ್ಲ ನಿಂತಿದ್ರು. ನಾನು ಸೆರಗು ಹೊದ್ದು, ದನಿಯಾಗೆ ಇಷ್ಟು ಜೇನು ಹಾಕ್ಕೊಂಡು ಅಂದೆ, 'ಅಮ್ಮಾರೇ, ಗ್ರೈಂಡರ್ ಕಳಿಸ್ತೀನಿ ಬಿಡ್ರಿ, ನಿಮ್ಮ ವ್ರತಕ್ಕಿಂತ ದೊಡ್ಡದಾ. ಆದ್ರೆ ಒಂದು ಆಸೆ. ಇಂಥಾ ಘನವಾದ ವ್ರತ ಬಚ್ಚಲದಾಗೆ ಮುಗಿಸ್ತಾರೇನ್ರಿ? ಕಡೇ ಸೋಮವಾರ ಹರಿಹರಕ್ಕೆ ಹೋಗೋಣ. ಹೊಳೆಯಾಗೆ ನೀವು ಮುಳುಗಿ ಏಳ್ರಿ, ನಾವು ಆರತಿ ಬೆಳಗ್ತೀವಿ. ನಿಮ್ಮ ಮೈ ಕಾವಿಗೆ ಹೊಳೆ ನೀರೇ ಹಬೆ ಆಗೋದನ್ನ ನಾವು ಕಣ್ಣಾರೆ ನೋಡಬೇಕು!' ಹೆಂಗಸ್ರು 'ಹೌದು ಹೌದು' ಅಂತ ಕೂಗಿದ್ರು. ಜಲಜಾಕ್ಷಮ್ಮನ ಮಖದಾಗಿನ ವಿಭೂತಿ ಬಿರುಕು ಬಿಟ್ಟಂಗಾಯ್ತು. 'ಹೊಳೆ… ಹೊಳೆಯಾಗೆ ಸೆಳೆತ ಇರ್ತೈತಲ್ಲವ್ವ' ಅಂದ್ಲು. 'ಮೆಟ್ಟಿಲ ಮೇಲೇ ನಿಂತು ಮೀಯ್ರಿ ಅಮ್ಮಾರೆ.' 'ಮನೆಯಾಗೆ ಮಿಂದು ಬರ್ತೀನಿ, ಅಲ್ಲಿ ಪೂಜೆ ಮಾಡೋಣ.' 'ಅಯ್ಯ, ಒಂದೇ ಬೆಳಿಗ್ಗೆ ಎರಡು ಸಲ ಮಿಂದ್ರೆ ವ್ರತದ ಫಲ ಅರ್ಧ ಆಗ್ತೈತಂತಲ್ರಿ!' ಅಂದೆ. ಅಂಥಾ ಶಾಸ್ತ್ರ ಎಲ್ಲೂ ಇಲ್ಲ, ಆ ಗಳಿಗೆಯಾಗೆ ನಾನೇ ಬರೆದೆ. ಆದ್ರೆ ಮುದುಕಿಯೊಬ್ಳು 'ಹೌದವ್ವ, ನಮ್ಮತ್ತೆನೂ ಹಂಗೇ ಹೇಳ್ತಿದ್ಲು' ಅಂದ್ಲು. ಶಾಸ್ತ್ರ ಹುಟ್ಟೋದೇ ಹಿಂಗೆ. ಜಲಜಾಕ್ಷಮ್ಮ 'ಶಿವಾ' ಅಂದ್ಲು. ಆ ಸಲ ಮನಸ್ಸಿನಿಂದ ಅಂದ್ಲು ಅನ್ಸುತ್ತೆ.

ಕಡೇ ಸೋಮವಾರ, ಮೊದ್ಲನೇ ಬಸ್ಸಿಗೆ ಹೊರಟ್ವಿ. ಹೊರಡೋಕೆ ಮುಂಚೆ ನಿಮ್ಮಜ್ಜಗೆ ಹೇಳಿದೆ, 'ಇವತ್ತು ಗ್ರೈಂಡರ್ ನೀನು ಹಚ್ಚು. ಸಾವ್ಕಾರ್ರನ್ನ ಎಬ್ಬಿಸಿ ಮೀಟರ್ ಮುಂದೆ ನಿಲ್ಲಿಸು. ಮನೆಮನೆಯಾಗೂ ಲೈಟು ಹಾಕ್ಸು, ಫ್ಯಾನು ರೇಡಿಯೋ ಏನೈತೋ ಎಲ್ಲ ಹಾಕ್ಸು.' 'ಚಳ್ಯಾಗೆ ಫ್ಯಾನು ಯಾಕೇ?' ಅಂದ. 'ಹೇಳಿದಷ್ಟು ಮಾಡು, ಮಿಲ್ಲು ತೆಗೆದ ಮೇಲೆ ಯೋಚನೆ ಮಾಡುವಂತೆ' ಅಂದೆ. ಬಸ್ಸಿನಾಗೆ ಹೆಂಗಸ್ರ ಭಜನೆ. ಮೆಹರಬಿಯೂ ಬಂದಿದ್ಲು, ಹರಿಹರದಾಗೆ ದರ್ಗಾಕ್ಕೆ ಹೋಗ್ಬೇಕು ಅಂತ ನೆಪ. ನಿರ್ಮಲಾ ಅತ್ತೆ ಪಕ್ಕ ತಲೆ ತಗ್ಗಿಸಿ ಕೂತಿದ್ಲು. ಆ ಹುಡುಗಿ ಬಾಯಿ ಬಿಟ್ಟಿದ್ದನ್ನ ನಾನು ನೋಡಿರಲೇ ಇಲ್ಲ. ಹರಿಹರದ ಕಡೆಯೋಳೇ, ಬಡವರ ಮನೆ ಮಗಳು, ಅತ್ತೆ ಎದ್ದೇಳೋಕೆ ಮೊದ್ಲೇ ಎದ್ದು ನೀರು ಕಾಯಿಸಿ ತಾನು ತಣ್ಣೀರು ಮೀಯೋಳು. ಹೌದ್ರೋ, ಅಸಲಿ ವ್ರತ ಮಾಡಿದ್ದು ಅವಳು! ಅದು ನಂಗೆ ಆಮೇಲೆ ತಿಳೀತು.

ಹೊಳೆ ಮೇಲೆ ಮಂಜು ಹಂಗೇ ಮಲಗಿತ್ತು. ತುಂಗಭದ್ರೆ ಕಾರ್ತಿಕದಾಗೆ ಹೆಂಗಿರ್ತಾಳೆ ಗೊತ್ತಲ್ಲ, ಕೈ ಇಟ್ರೆ ಕೈ ಇಲ್ಲ ಅನ್ಸುತ್ತೆ. ಜಲಜಾಕ್ಷಮ್ಮ ಮೆಟ್ಟಿಲ ಮೇಲೆ ನಿಂತು ಮೊದ್ಲು ಸಂಕಲ್ಪ ಅಂದ್ಲು. ಆಯ್ತು. ಆಮೇಲೆ ಹೊಳೆಗೆ ಅರಿಶಿನ ಕುಂಕುಮ ಅಂದ್ಲು. ಆಯ್ತು. ಆಮೇಲೆ ಸೂರ್ಯ ಹುಟ್ಲಿ ಅಂದ್ಲು. ಸೂರ್ಯನೂ ಹುಟ್ಟಿದ, ಅವನಿಗೂ ನೋಡೋ ಆಸೆ ಇತ್ತು ಅನ್ಸುತ್ತೆ. ಒಂದು ಹೆಬ್ಬೆರಳು ನೀರಿಗಿಟ್ಟು ಹಾವು ತುಳಿದೋಳಂಗೆ ತೆಗೆದ್ಲು. ಹೆಂಗಸ್ರು ಆರತಿ ಹಿಡಿದು ಕಾಯ್ತಿದಾರೆ. ನಾನು 'ಬರ್ರಿ ಅಮ್ಮಾರೆ, ನಿಮ್ಮ ಕೈ ಹಿಡಿಯೋ ಪುಣ್ಯ ನಂಗಿರ್ಲಿ' ಅಂತ ಗಟ್ಟಿಯಾಗಿ ಕೈ ಹಿಡ್ಕೊಂಡು ಇಳಿದೆ. ಒಂದು ಮೆಟ್ಟಿಲು. ಹಲ್ಲು ಕಟಕಟ. ಇನ್ನೊಂದು ಮೆಟ್ಟಿಲು. 'ಶಿ… ಶಿ… ಶಿ…', ವಾ ಹೊರಗೆ ಬರವಲ್ದು. ಮುಂದಿನ ಮೆಟ್ಟಿಲ ಮೇಲೆ ಪಾಚಿ ಇತ್ತು, ನಾನು ನೂಕಲಿಲ್ಲ, ದೇವರಾಣೆ ಕಾಲು ಜಾರಿತು, ನಡುಮಟ ನೀರಿಗೆ ಬಿದ್ಲು. ಬಿದ್ದೋಳು ಕಿರುಚಿದ್ಲು ನೋಡ್ರಿ, ಆಚೆ ದಡದ ಕೊಕ್ಕರೆಗಳೆಲ್ಲ ಎದ್ವು. ಕಿರುಚಿದೋಳು ಏನು ಕಿರುಚಿದ್ಲು ಹೇಳ್ರಿ?

'ಅಯ್ಯಯ್ಯಯ್ಯೋ ಸತ್ತೆನೋ! ಏ ನಿರ್ಮಲಾ! ಮುಂಡೇದೇ! ಕಾಯಿಲ್ ಹಾಕಿಲ್ಲೇನೇ ನೀನು ಇವತ್ತು!'

ರೂಢಿ! ಬಾಯಿಗೆ ರೂಢಿ ಆಗಿಬಿಟ್ಟಿತ್ತಲ್ಲ! ನೀರು ತಣ್ಣಗಿದ್ರೆ ಸೊಸೆ ತಪ್ಪು! ಆರತಿ ತಟ್ಟೆ ಹಿಡಿದೋಳು ಹಿಡಿದಂಗೇ ಕಲ್ಲಾದ್ಲು. ಆಗ ಆ ನಿರ್ಮಲಾ, ಯಾವತ್ತೂ ತಲೆ ಎತ್ತದ ಹುಡುಗಿ, ಮೆಟ್ಟಿಲ ಮೇಲಿಂದ, ಬಾಳ ಮರ್ಯಾದಿಯಿಂದ, ತಣ್ಣಗೆ ಅಂದ್ಲು.

'ಹೊಳೆಗೆ ಪ್ಲಗ್ ಎಲ್ಲೈತ್ರಿ ಅತ್ತೆ?'

ಯಪ್ಪಾ ಯಪ್ಪಾ ಯಪ್ಪಾ! ಮೆಹರಬಿ ಮೊದ್ಲು ನಕ್ಕಳು. ಬುರ್ಖಾ ಬಾಯಿಗೆ ತುರುಕ್ಕೊಂಡ್ಲು, ಆಗಲಿಲ್ಲ, ಮೆಟ್ಟಿಲ ಮೇಲೆ ಕೂತೇಬಿಟ್ಲು. ಆಮೇಲೆ ಆ ಓದೋ ಹುಡುಗಿ ಅವ್ವ. ಆಮೇಲೆ 'ನಮ್ಮತ್ತೆನೂ ಹಂಗೇ ಹೇಳ್ತಿದ್ಲು' ಅಂದ ಮುದುಕಿ, ಅವಳಿಗೆ ಇರೋ ಎರಡು ಹಲ್ಲೂ ಕಂಡ್ವು. ಬಟ್ಟೆ ಒಗೀತಿದ್ದ ಹೆಂಗಸ್ರು 'ಏನಾಯ್ತು ಏನಾಯ್ತು' ಅಂತ ಓಡಿ ಬಂದ್ರು. ನಾನು ಹೇಳಿದೆ. ಪಾದದಿಂದ ಹಿಡಿದು ಹಬೆ ತನಕ, ಚಕ್ರದಿಂದ ಫ್ಯೂಸು ತನಕ, ಒಂದಕ್ಷರ ಬಿಡದಂಗೆ ಹೇಳಿದೆ. ಆವತ್ತು ಒಗ್ಗರಣೆ ಬೇಕಾಗಲೇ ಇಲ್ಲ. ಜಲಜಾಕ್ಷಮ್ಮ ನೀರಾಗೇ ನಿಂತು ನನ್ನ ನೋಡ್ತಿದ್ಲು, ನಡುಗ್ತಿದ್ಲು. ಹಬೆ ಗಿಬೆ ಏನೂ ಇಲ್ಲ. ನಿರ್ಮಲಾ ಇಳಿದು ಹೋಗಿ ಕೈ ಹಿಡಿದು ಎತ್ಕೊಂಡು ಬಂದು ಒಣ ಸೀರೆ ಹೊದಿಸಿದ್ಲು. ಒಳ್ಳೇ ಹುಡುಗಿ. ನಾನಾಗಿದ್ರೆ ಇನ್ನೊಂದು ಸ್ವಲ್ಪ ಹೊತ್ತು ನೆನೀಲಿ ಅಂತ ಬಿಡ್ತಿದ್ದೆ.

ವಾಪಸ್ ಬಂದ್ರೆ ವಠಾರದ ಬಾಗಿಲಾಗೆ ಸಾವ್ಕಾರ್ರು ನಿಂತಿದ್ರು. ಹಿಂದೆ ನಿಮ್ಮಜ್ಜ, ಎದೆ ಉಬ್ಬಿಸ್ಕೊಂಡು, ಮೈಯೆಲ್ಲ ಹಿಟ್ಟು. ಸಾವ್ಕಾರ್ರು ಅಂದ್ರು, 'ಹಾಲವ್ವ, ಇದೇನು ಸೋಜಿಗ! ಮನೆಮನೆ ಲೈಟು ಉರೀತು, ಫ್ಯಾನು ತಿರುಗಿತು, ರೇಡಿಯೋ ಕೂಗಿತು, ನಿನ್ನ ಗ್ರೈಂಡರ್ ಗುಡುಗಿತು. ಹೋಟ್ಲಿನೋನ ಹಿಟ್ಟು ಪೂರ್ತಿ ಆಯ್ತು. ಫ್ಯೂಸು ಜಪ್ಪಯ್ಯ ಅಂದ್ರೂ ಹೋಗಲಿಲ್ಲ. ನಾನೇ ಕಣ್ಣಾರೆ ನೋಡಿದೆ. ಹಂಗಾದ್ರೆ ಇಷ್ಟು ದಿನ ಯಾಕ ಹೋಗ್ತಿತ್ತು?' ನಾನು ಸೆರಗು ಸರಿ ಮಾಡ್ಕೊಂಡು ಅಂದೆ, 'ನಂಗೇನು ಗೊತ್ತು ಸಾವ್ಕಾರ್ರೆ, ಓದು ಬರಹ ಬರದೋಳು. ಇವತ್ತು ಅಮ್ಮಾರ ವ್ರತ ಮುಗೀತು, ಫ್ಯೂಸಿನ ಕಾಟನೂ ಮುಗೀತು. ಸಂಬಂಧ ಏನು ಅಂತ ಒಳಗೆ ಕೇಳ್ರಿ.' ಅವರು ಹೆಂಡ್ತಿ ಮಖ ನೋಡಿದ್ರು. ಹೆಂಡ್ತಿ ಸೊಸೆ ಮಖ ನೋಡಿದ್ಲು. ಸೊಸೆ ಯಾರ ಮಖನೂ ನೋಡ್ದೆ ಒಳಗೆ ಹೋಗಿ ಬಕೀಟು ತಂದು ಅಂಗಳದಾಗಿಟ್ಲು. ಅದರಾಗೆ ಕಾಯಿಲ್ಲು. ನಿಮ್ಮಜ್ಜ ಎರಡು ಬೆರಳಾಗೆ ಎತ್ತಿ ತೂಗಿ ನೋಡಿ, 'ಇದು ಲೋಡಾ?' ಅಂದ. ಪಾಪ, ಅವನಿಗೆ ಆವತ್ತೂ ನಂಬಿಕೆ ಬರಲಿಲ್ಲ.

ಸಾವ್ಕಾರ್ರು ಜೀವಮಾನದಾಗೆ ಮೊದ್ಲನೇ ಸಲ ಹೆಂಡ್ತಿ ಎದುರಿಗೆ ಬಾಯಿ ತೆಗೆದ್ರು. 'ಇನ್ಮೇಲೆ ಬೆಳಿಗ್ಗೆ ಮೊದ್ಲು ಹಾಲವ್ವನ ಹಿಟ್ಟು. ಅದು ಮುಗಿದ ಮೇಲೆ ಯಾರ ನೀರು ಬೇಕಾದ್ರೂ ಕಾಯ್ಲಿ' ಅಂದ್ರು. ಕೇಳಿದ್ರಾ? ಸಾವ್ಕಾರ್ರ ಹೆಂಡ್ತಿ ಬಿಸಿನೀರು ನನ್ನ ಗ್ರೈಂಡರ್ ನಿಲ್ಲೋ ತನಕ ಕಾಯಬೇಕು! ಮಾರನೇ ಬೆಳಿಗ್ಗೆ ನಾನು ಬೇಕಂತ್ಲೇ ನಿಧಾನಕ್ಕೆ ರುಬ್ಬಿದೆ. ನಿರ್ಮಲಾ ಬಾಗಿಲಾಗೆ ಬಂದು ನಿಂತು, 'ಹಾಲಕ್ಕ, ಆಯ್ತೇನ್ರಿ? ಅತ್ತೆ ಕಾಯ್ತಿದಾರೆ' ಅಂದ್ಲು. 'ಇನ್ನೊಂದು ಸುತ್ತು ನುಣ್ಣಗಾಗ್ಲಿ ತಂಗಿ' ಅಂದೆ. ಇಬ್ರೂ ಒಬ್ರ ಮಖ ಒಬ್ರು ನೋಡ್ಕೊಂಡು ನಕ್ವಿ. ಅವಳಿಗೆ ದಿನಾ ಒಂದು ಚೊಂಬು ಹಿಟ್ಟು ಎತ್ತಿಡ್ತಿದ್ದೆ. ಆ ಹಿಟ್ಟಿನಾಗೇ ನಿಮ್ಮಪ್ಪ ಓದಿದ, ನಿಮ್ಮತ್ತೆ ಮದುವೆ ಆಯ್ತು, ನಿಮ್ಮಜ್ಜಗೆ ಬೀಡಿ ತಪ್ಪಲಿಲ್ಲ. ಬಿಸಿನೀರು ಮೀಯೋದು ತಪ್ಪು ಅಂತ ನಾನು ಅಂತೀನೇನು, ಆಯಮ್ಮನ ಮಂಡಿಗೆ ನೋವಿತ್ತಂತೆ, ಮೀಯ್ಲಿ. ಬಿಸಿನೀರು ಮಿಂದು ತಣ್ಣೀರ ಪುಣ್ಯ ತಗೊಂಡು, ಮೇಲೆ ನನ್ನ ಒಲೆ ಆರಿ ಹೋಗ್ಲಿ ಅಂದ್ಲಲ್ಲ, ಅದಕ್ಕೆ ಹೊಳೆ ಉತ್ತರ ಕೊಟ್ಟಿತು.

ಅದಕ್ಕೇ ಹೇಳೋದು ಮಕ್ಕಳಾ, ಸಂಸಾರದಾಗಾಗ್ಲಿ ಊರಾಗಾಗ್ಲಿ ಏನಾದ್ರೂ ಕಳುವಾದ್ರೆ ಗುಡುಗುಡು ಅನ್ನೋರನ್ನ ಹಿಡೀಬ್ಯಾಡ್ರಿ. ಗುಡುಗೋದು ಬಾಳ ತಿನ್ನಲ್ಲ. ಸದ್ದಿಲ್ದೆ ಮೂಲ್ಯಾಗೆ ಕೂತು ಕೆಂಪಗೆ ಕಾಯ್ತಿರ್ತೈತಲ್ಲ, ಅದು ಮನೆಮಂದಿ ಪಾಲೆಲ್ಲ ತಿಂದು ಮುಗಿಸ್ತೈತೆ.